ಹಿಂಡಿ ಬಟ್ಟಲು

ಬಿಳಿಗೆರೆಯ ಗುರುಸಿದ್ದಮ್ಮ ಹದಿನೇಳರ ಹುಡುಗಿಯಾಗಿ ಸಂಪಿಗೆ ಎಂಬ ಊರಿನ ಕಡೆಯಿಂದ ಆ ಮನೆಗೆ ಸೊಸೆಯಾಗಿ ಬಂದವಳು. ಗಂಡ ಶಂಭುಲಿಂಗಯ್ಯ ತೋಟ, ಕೊಬ್ಬರಿ ಒಣಗಿಸುವ ಅಟ್ಟ, ತಿಪಟೂರಿನ ಮಂಡಿ ಎಂದು ತಿರುಗಿಕೊಂಡಿದ್ದು, ಅಡುಗೆಮನೆಯ ಹೊಸಿಲಿನಾಚೆ ಏನು ನಡೆಯುತ್ತದೆಂದು ಒಂದು ದಿನವೂ ಕೇಳದೆ ತೀರಿಕೊಂಡ ಮನುಷ್ಯ. ಆ ಹೊಸಿಲಿನಾಚೆ ಇದ್ದದ್ದು ಅತ್ತೆ ಗುರುಶಾಂತಮ್ಮ. ಅಡುಗೆಮನೆಯ ಬೀಗದ ಕೈ ಸದಾ ಆಕೆಯ ಸೊಂಟದಲ್ಲಿ. ಎಲ್ಲರದೂ ಆಗಿ ಮಿಕ್ಕರೆ ಸೊಸೆಗೆ ಊಟ, ಮಿಗದಿದ್ದರೆ ಇಲ್ಲ. ಬಸುರಿಯಾಗಿದ್ದಾಗ ಒಂದು ಮಧ್ಯಾಹ್ನ ಹಸಿವು ತಾಳಲಾರದೆ ಗುರುಸಿದ್ದಮ್ಮ ಕೊಟ್ಟಿಗೆಗೆ ಹೋಗಿ, ಹಸುವಿಗೆಂದು ಬಾನಿಯಲ್ಲಿ ನೆನೆಹಾಕಿದ್ದ ಕೊಬ್ಬರಿ ಹಿಂಡಿಯನ್ನು ಬಾಚಿ ಬಾಚಿ ತಿಂದಳು. ಹಸು ಮೂತಿ ಇಡಲು ಬಂದರೆ ಮೊಣಕೈಯಿಂದ ತಳ್ಳಿದಳು. ಆ ಬಸುರು ನಿಲ್ಲಲಿಲ್ಲ. ಮುಂದೆ ಇನ್ನೊಂದು ಆಗಲೂ ಇಲ್ಲ.

ಇದನ್ನು ಆಕೆ ಗಂಡನಿಗೆ ಹೇಳಲಿಲ್ಲ, ತವರಿಗೂ ಹೇಳಲಿಲ್ಲ. ಹೇಳಿದ್ದು ಒಬ್ಬನಿಗೆ, ಒಂದೇ ಸಲ. ತಂಗಿ ಮೀನಾಳ ಮಗ ರುದ್ರೇಶ, ತಾಯಿ ಜ್ವರದಲ್ಲಿ ಸತ್ತಳೆಂದು ಎಲ್ಲರಿಗೂ ಹೇಳಿ ಗುರುಸಿದ್ದಮ್ಮ ಕೂಸಿನಿಂದ ಸಾಕಿದ ಹುಡುಗ, ಒಮ್ಮೆ ಮುದ್ದೆ ಬೇಡವೆಂದು ತಟ್ಟೆ ದೂಡಿದ. ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಉಣ್ಣೋ ತಟ್ಟೆ ದೂಡಬಾರ್ದು ಕಣ್ಲಾ ಮಗ" ಎಂದು ಶುರುಮಾಡಿ ಎಲ್ಲವನ್ನೂ ಹೇಳಿಬಿಟ್ಟಳು. ಹುಡುಗ ಬಾಯಿ ಬಿಟ್ಟುಕೊಂಡು ಕೇಳಿದ. ಆಮೇಲೆ ಮುದ್ದೆಯನ್ನು ಪೂರ್ತಿ ಉಂಡ.

ರುದ್ರೇಶ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ. ಗೋವಾ, ಮುಂಬೈ ಎಂದು ದೊಡ್ಡ ದೊಡ್ಡ ಅಡುಗೆಮನೆಗಳಲ್ಲಿ ಬೆಂದು, ಮೂವತ್ತು ದಾಟಿದ ಮೇಲೆ ಊರಿಗೇ ವಾಪಸು ಬಂದ. ಕೊಬ್ಬರಿ ವ್ಯಾಪಾರಿ ದಯಾನಂದ್ ಅವರ ತೋಟದಲ್ಲಿ ಪಾಳುಬಿದ್ದಿದ್ದ ಅಟ್ಟದ ಮನೆಯೊಂದನ್ನು ಹಿಡಿದು, ಗೋಡೆಗೆ ಸುಣ್ಣ ಬಳಿಸಿ, ತೆಂಗಿನ ಮರದ ಹಲಗೆಯಲ್ಲಿ ಒಂದೇ ಒಂದು ಉದ್ದನೆಯ ಮೇಜು ಮಾಡಿಸಿದ. ಅದಕ್ಕೆ ಹತ್ತು ಕುರ್ಚಿ. ಎದುರಿಗೆ ಒಲೆ. ಚಿಪ್ಪಿನೊಳಗೇ ಒಣಗಿದ ಇಡೀ ಕೊಬ್ಬರಿಗೆ ನಮ್ಮ ಕಡೆ ಹೇಳುವ ಹೆಸರನ್ನೇ ಹೋಟೆಲಿಗೆ ಇಟ್ಟ: ಗಿಟುಕು. ಶನಿವಾರ, ಭಾನುವಾರ ಮಧ್ಯಾಹ್ನ ಮಾತ್ರ ಊಟ. ಮೊದಲೇ ಹೇಳಿಟ್ಟವರಿಗೆ ಮಾತ್ರ ಜಾಗ. ಏನು ಬೇಕೆಂದು ಯಾರೂ ಕೇಳುವಂತಿಲ್ಲ. ಅವನು ಎದುರಿಗೇ ನಿಂತು ಮಾಡಿ, ಒಂದೊಂದಾಗಿ ಒಂದೊಂದು ತುತ್ತಿನಷ್ಟು ಬಡಿಸುತ್ತಾನೆ, ಪ್ರತಿಯೊಂದಕ್ಕೂ ಒಂದು ಕಥೆ ಹೇಳುತ್ತಾನೆ. ಬೆಂಗಳೂರಿನಿಂದ ಕಾರುಗಳು ಬರತೊಡಗಿದವು.

ಗುರುಸಿದ್ದಮ್ಮನಿಗೆ ಅಲ್ಲಿ ಹಿಂಬದಿಯ ಅಡುಗೆಮನೆ. ಒತ್ತು ಶ್ಯಾವಿಗೆ, ಕಾಯಿಹಾಲು, ಹುಚ್ಚೆಳ್ಳು ಚಟ್ನಿಪುಡಿ ಅವಳದೇ ಕೈಯದು. ಊಟ ಮುಗಿಯುವ ಹೊತ್ತಿಗೆ ರುದ್ರೇಶ ಬಾಗಿಲಲ್ಲಿ ನಿಂತು, "ದೊಡ್ಡಮ್ಮ, ಬಾ" ಎಂದು ಕರೆಯುತ್ತಿದ್ದ. ಅವನೇ ತಂದುಕೊಟ್ಟ ಕೈಮಗ್ಗದ ಸೀರೆಯಲ್ಲಿ, ವಿಭೂತಿ ತಿದ್ದಿಕೊಂಡು ಅವಳು ಹೊರಗೆ ಬಂದರೆ ಹತ್ತೂ ಜನ ಎದ್ದು ನಿಂತು ಚಪ್ಪಾಳೆ ತಟ್ಟುವರು. ಕೆಲವು ಹೆಂಗಸರು ಕಾಲಿಗೆ ಬೀಳುವರು. ಒಬ್ಬಳಂತೂ ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಕಥೆಗಳೆಲ್ಲ ಇಂಗ್ಲಿಷಿನಲ್ಲಿ, ನಡುನಡುವೆ 'ದೊಡ್ಡಮ್ಮ' ಎಂಬುದಷ್ಟು ಗುರುಸಿದ್ದಮ್ಮನ ಕಿವಿಗೆ ಬೀಳುತ್ತಿತ್ತು.

"ಶ್ಯಾವಿಗೆ ತಿಂದು ಅತ್ತೇಬುಟ್ಲು ಕಣೇ. ಅವರ ಅಮ್ಮನ ಕೈರುಚಿ ನೆಪ್ಪಾತೇನೋ" ಎಂದು ಪಾತ್ರೆ ತೊಳೆಯುವ ಕೆಂಚಮ್ಮನ ಹತ್ತಿರ ಹೇಳಿಕೊಂಡಳು. ಕೆಂಚಮ್ಮ, "ನಿಮ್ಮ ಪುಣ್ಯ ಬುಡ್ರವ್ವ" ಎಂದಳು.

ಪುಣ್ಯವೆಂದೇ ಗುರುಸಿದ್ದಮ್ಮನೂ ತಿಳಿದಿದ್ದಳು. ಮನೆಯಲ್ಲಿ ಗುರುಶಾಂತಮ್ಮ ಇನ್ನೂ ಇದ್ದಳು. ತೊಂಬತ್ತರ ಹತ್ತಿರ ವಯಸ್ಸು, ನೆನಪೆಲ್ಲ ಅಳಿಸಿಹೋಗಿತ್ತು. ಸೊಸೆಯನ್ನೇ 'ಅವ್ವ' ಎಂದು ಕರೆಯುತ್ತಿದ್ದಳು, ಅವಳ ಸೆರಗು ಹಿಡಿದುಕೊಳ್ಳದೆ ಬಾಯಿ ತೆರೆಯುತ್ತಿರಲಿಲ್ಲ. ಗುರುಸಿದ್ದಮ್ಮ ಗಂಜಿ ಆರಿಸಿ ಕುಡಿಸುವಳು. ಕೆಲವು ದಿನ ಪ್ರೀತಿಯಿಂದ, ಕೆಲವು ದಿನ ಹಲ್ಲು ಕಚ್ಚಿಕೊಂಡು.

ಹೋಟೆಲಿಗೆ ವರ್ಷ ತುಂಬಿದ್ದಕ್ಕೆ ರುದ್ರೇಶ ಒಂದು ಭಾನುವಾರ ಮನೆಯವರನ್ನೂ ಕರೆದ. ತುರುವೇಕೆರೆಯಿಂದ ಗುರುಶಾಂತಮ್ಮನ ಮಗಳು ಶಿವರುದ್ರಮ್ಮ, ಅವಳ ಗಂಡ ಬಸವರಾಜಪ್ಪ ಬಂದರು. ಉಳಿದವರು ಬೆಂಗಳೂರಿನವರು, ಅಂದು ಎಲ್ಲರೂ ಕನ್ನಡದವರೇ. "ಇವತ್ತು ನೀನು ಒಳಗೆ ಕಾಲಿಡಂಗಿಲ್ಲ" ಎಂದು ರುದ್ರೇಶ ದೊಡ್ಡಮ್ಮನನ್ನು ಮೇಜಿನ ನಟ್ಟನಡುವೆ ಕೂರಿಸಿದ. ಅವಳು ಮದುವೆಮನೆಗಳಿಗೆ ಉಡುತ್ತಿದ್ದ ಮೊಳಕಾಲ್ಮೂರು ಸೀರೆ ಉಟ್ಟಿದ್ದಳು. ಪಕ್ಕದಲ್ಲಿ ಕೂತ ನಾದಿನಿಗೆ, "ತಿನ್ನು ಶಿವರುದ್ರಿ, ನಮ್ಮ ಹುಡುಗ ಮಾಡಿದ್ದು" ಎಂದು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಮೊದಲು ಎಳನೀರಿನದೇನೋ ಬಂತು. ಆಮೇಲೆ ಮೊಳಕೆ ಬಂದ ಕಾಯಿಯೊಳಗಿನ ಬಿಳಿ ಹೂವನ್ನು ಹುರಿದು, ಮೇಲೆ ಜೀರಿಗೆ ಉದುರಿಸಿ ಕೊಟ್ಟ. ಬಸವರಾಜಪ್ಪ, "ಇಷ್ಟೇನಾ ಒಬ್ಬೊಬ್ರಿಗೆ?" ಎಂದಿದ್ದಕ್ಕೆ ಎಲ್ಲರೂ ನಕ್ಕರು. ಆಮೇಲೆ ಎಲ್ಲರ ಮುಂದೆಯೂ ಒಂದೊಂದು ಕಲ್ಲಿನ ಬಟ್ಟಲು ಬಂತು. ತೆಳ್ಳಗಿನ ರಾಗಿ ಅಂಬಲಿ, ಮೇಲೆ ಕಂದು ಬಣ್ಣದ ಪುಡಿ. ರುದ್ರೇಶ ಕೈಕಟ್ಟಿ ನಿಂತ.

"ಇದರ ಹೆಸರು ಬಾನಿ" ಎಂದ. "ಮೇಲಿರೋದು ಕೊಬ್ಬರಿ ಹಿಂಡಿ. ದನಕ್ಕೆ ಹಾಕ್ತಾರಲ್ಲ, ಅದೇ. ಇಲ್ಲೇ ಬಿಳಿಗೆರೆಯಲ್ಲಿ ಒಂದು ಮನೆ. ಒಬ್ಬ ಬಸುರಿ ಹೆಣ್ಣುಮಗಳು. ಅವಳ ಅತ್ತೆ ಅಡುಗೆಮನೆಗೆ ಬೀಗ ಹಾಕ್ತಿದ್ಳು..."

ಗುರುಸಿದ್ದಮ್ಮನಿಗೆ ಮೊದಲು ಅದು ಯಾರದೋ ಕಥೆ ಅನ್ನಿಸಿತು. ಹಸುವನ್ನು ಮೊಣಕೈಯಿಂದ ತಳ್ಳಿದ ಮಾತು ಬಂದಾಗ ಅವಳು ಬಟ್ಟಲಿನಿಂದ ಕೈ ಹಿಂದಕ್ಕೆ ತೆಗೆದಳು. ಅವನು ನಿಲ್ಲಿಸಲಿಲ್ಲ. ಹೋದ ಬಸುರನ್ನೂ ಹೇಳಿದ. ದನಿಯನ್ನು ಎಲ್ಲಿ ತಗ್ಗಿಸಬೇಕೋ ಅಲ್ಲಿ ತಗ್ಗಿಸಿದ. ಆಮೇಲೆ ಗೋಡೆಯ ಮೊಳೆಯಿಂದ ದನದ ಕೊರಳಗಂಟೆ ತೆಗೆದುಕೊಂಡು, "ಇದಕ್ಕೆ ಚಮಚ ಇಲ್ಲ. ಕೈಯಲ್ಲಿ ಬಾಚಿಕೊಂಡು ತಿನ್ನಿ. ಗಂಟೆ ಬಾರಿಸೋದ್ರೊಳಗೆ ಮುಗೀಬೇಕು. ಗಂಟೆ ಆಯ್ತು ಅಂದ್ರೆ ಅತ್ತೆ ಬಂದ್ಳು ಅಂತ!" ಎಂದ.

ಜನ ನಗುತ್ತ ಬಟ್ಟಲಿಗೆ ಕೈ ಹಾಕಿದರು. ಕನ್ನಡಕದ ಯುವಕನೊಬ್ಬ ಗದ್ದಕ್ಕೆಲ್ಲ ಮೆತ್ತಿಕೊಂಡ. ಅವನ ಹೆಂಡತಿ ಫೋಟೋ ತೆಗೆದಳು. ರುದ್ರೇಶ ಗಂಟೆ ಬಾರಿಸಿದ.

ಶಿವರುದ್ರಮ್ಮ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ಏನತ್ತಿಗೆ ಇದು? ನಮ್ಮವ್ವ ನಿನ್ನ ದನದ ಬಾನೀಲಿ ಮೇಯ್ಸಿದ್ಳಾ? ಹಾಸಿಗೆ ಹಿಡಿದಿರೋ ಮುದುಕಿ ಮಾನ ಕಂಡಕಂಡೋರ ಮುಂದೆ ಹರಾಜಿಗೆ ಹಾಕಿಸ್ತಿದೀಯಲ್ಲ!"

"ನಾನು ಹೇಳಿಲ್ಲ ಕಣೇ ಶಿವರುದ್ರಿ..."

"ನೀನು ಹೇಳ್ದೆ ಇವನಿಗೆ ಕನಸು ಬಿತ್ತಾ?"

ಇದೂ ಊಟದ ಭಾಗವೇ ಎಂದುಕೊಂಡು ಬೆಂಗಳೂರಿನವರು ಫೋನ್ ಎತ್ತಿ ಹಿಡಿದಿದ್ದರು. ರುದ್ರೇಶ ಇಬ್ಬರ ನಡುವೆ ಬಂದು ಶಿವರುದ್ರಮ್ಮನಿಗೆ, "ಕೂತ್ಕಳಿ ಅತ್ತೆ, ದಯವಿಟ್ಟು" ಎಂದು, ದೊಡ್ಡಮ್ಮನ ಭುಜದ ಮೇಲೆ ಕೈಯಿಟ್ಟ. "ಇದ್ರಲ್ಲಿ ನಾಚಿಕೆ ಏನೈತೆ ದೊಡ್ಡಮ್ಮ? ನಿಂಗೆ ಗೌರವ ಕೊಡ್ತಿದೀನಿ. ವಾರ ವಾರ ಜನ ಇದನ್ನ ಕೇಳಿ ಅಳ್ತಾರೆ. ನಿನ್ನ ಕಾಲಿಗೆ ಬೀಳೋದು ಇದಕ್ಕೇ."

"ಇದಕ್ಕಾ?" ಎಂದಳು ಗುರುಸಿದ್ದಮ್ಮ. "ಶ್ಯಾವಿಗೆಗಲ್ವಾ?"

ರುದ್ರೇಶ ಮುಗುಳ್ನಕ್ಕ. ಸಣ್ಣ ಮಗುವನ್ನು ಸಮಾಧಾನ ಮಾಡುವವನ ನಗು ಅದು. ಆ ನಗುವೇ ಕೆಡಿಸಿತು. ಭುಜದ ಮೇಲಿದ್ದ ಕೈಯನ್ನು ಅವಳು ತೆಗೆದುಹಾಕಿದಳು.

"ಕಥೆ ಬೇಕೇನ್ಲಾ ನಿಂಗೆ? ತಗಾ, ನಿಂದೇ ಒಂದು ಹೇಳ್ತೀನಿ, ಬಡಿಸು ಇವ್ರಿಗೆ. ನಿಮ್ಮಮ್ಮ ಜ್ವರ ಬಂದು ಸತ್ತಿಲ್ಲ. ನಿನ್ನ ನಮ್ಮನೆ ಜಗಲಿ ಮೇಲೆ ಮಲಗ್ಸಿ, ಯಾವನ ಜೊತೇಲೋ ಬಸ್ ಹತ್ತಿ ಹೋದ್ಳು. ಅರಸೀಕೆರೆಯಾಗವ್ಳೆ. ನೀನು ಸ್ಕೂಲಿಗೆ ಹೋಗೋವಾಗ ಒಂದ್ಸಲ ಬಂದಿದ್ಲು. ಕರ್ಕಂಡು ಹೋಗ್ತೀಯೇನೇ ಅಂತ ಕೇಳ್ದೆ. ರಸ್ತೇಲೇ ನಿಂತು ನಿನ್ನ ನೋಡಿದ್ಲು. 'ನಂಗ್ಯಾಕಕ್ಕ ಅದು' ಅಂದ್ಲು. ಅದು ಅಂದ್ಲು ಕಣ್ಲಾ. ಅವನು ಅಂತ್ಲೂ ಅನ್ನಲಿಲ್ಲ."

ಒಲೆಯ ಮೇಲೆ ಏನೋ ಸೀದು ವಾಸನೆ ಬಂತು. ರುದ್ರೇಶನ ಮುಖದಲ್ಲಿ ರಕ್ತವಿರಲಿಲ್ಲ. ತಾನು ಆಡಿದ್ದೇನೆಂದು ಗುರುಸಿದ್ದಮ್ಮನಿಗೆ ಅಷ್ಟರಲ್ಲಿ ತಿಳಿದಿತ್ತು, ಆದರೆ ವಾಪಸು ತೆಗೆದುಕೊಳ್ಳಬೇಕೆಂದು ಅನ್ನಿಸಲಿಲ್ಲ. ಅವನು ನೋಯುವುದನ್ನು ನೋಡಿ ಅವಳಿಗೆ ಎಷ್ಟೋ ವರ್ಷದ ಮೇಲೆ ಹೊಟ್ಟೆ ತುಂಬಿದಂತಾಯಿತು. ಅಷ್ಟರಲ್ಲಿ ಮೇಜಿನ ಆ ಕೊನೆಯಿಂದ ಯಾರೋ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಉಳಿದವರೂ ಸೇರಿಕೊಂಡರು.

ರುದ್ರೇಶ ತಿರುಗಿ ಹೋಗಿ ಸೀದ ಬಾಣಲೆಯನ್ನು ಇಳಿಸಿದ. ಇನ್ನೊಂದನ್ನು ಇಟ್ಟು, ಮುಂದಿನ ತಟ್ಟೆಗೆ ಶುರುಮಾಡಿದ. ಶಿವರುದ್ರಮ್ಮ ಗಂಡನನ್ನು ಎಬ್ಬಿಸಿಕೊಂಡು ಹೊರಟಳು. ಗುರುಸಿದ್ದಮ್ಮ ತೋಟದ ದಾರಿಯಲ್ಲಿ ನಡೆದು ಮನೆಗೆ ಬಂದಳು.

ಅವನು ಮತ್ತೆ ಮನೆಗೆ ಬರಲಿಲ್ಲ. ಬಟ್ಟೆಗಳನ್ನು ತರಲು ಡ್ರೈವರನ್ನು ಕಳಿಸಿದ. ಅದೇ ವಾರ ಶಿವರುದ್ರಮ್ಮ ಕಾರು ಮಾಡಿಕೊಂಡು ಬಂದು, "ಹಿಂಡಿ ಕಥೆ ಕಟ್ಟೋಳ ಕೈಯಾಗೆ ನಮ್ಮವ್ವ ಗಂಜಿ ಕುಡಿಯೋದು ಬ್ಯಾಡ" ಎಂದು ಮುದುಕಿಯನ್ನು ಎತ್ತಿಸಿಕೊಂಡು ಹೋದಳು. ಗುರುಶಾಂತಮ್ಮ ಸೊಸೆಯ ಸೆರಗನ್ನು ಬಿಡಲಿಲ್ಲ. "ಅವ್ವ, ಅವ್ವ" ಎಂದು ಅಳುತ್ತಿದ್ದವಳ ಬೆರಳುಗಳನ್ನು ಮಗಳೇ ಒಂದೊಂದಾಗಿ ಬಿಡಿಸಬೇಕಾಯಿತು. ತುರುವೇಕೆರೆಯಲ್ಲಿ ಮುದುಕಿ ಯಾರ ಕೈಯಿಂದಲೂ ಉಣ್ಣದೆ ಬಾಯಿ ಬಿಗಿಹಿಡಿದಳಂತೆ. ಕಾರ್ತೀಕ ಮುಗಿಯುವ ಮುಂಚೆ ಸತ್ತಳು. ಸುದ್ದಿ ಗುರುಸಿದ್ದಮ್ಮನಿಗೆ ತಲುಪಿದ್ದು ಮಣ್ಣು ಮಾಡಿದ ಮೇಲೆ, ಅದೂ ಬೀದಿಯಲ್ಲಿ ಸೊಪ್ಪು ಮಾರುವವಳ ಬಾಯಿಂದ.

ಗಿಟುಕು ಕೆಲವು ವಾರ ಮುಚ್ಚಿತ್ತು. ಮತ್ತೆ ತೆರೆದ ಸುದ್ದಿ ತಂದವಳು ಕೆಂಚಮ್ಮ. ಹೇಳಲೋ ಬೇಡವೋ ಎಂದು ಬಾಗಿಲಲ್ಲೇ ನಿಂತು, ಕಡೆಗೆ ಹೇಳಿಬಿಟ್ಟಳು. "ರುದ್ರೇಶಪ್ಪ ಅರಸೀಕೆರೆಗೆ ಹೋಗಿ ಅವರಮ್ಮನ್ನ ಕರ್ಕಂಬಂದವ್ರೆ ಕಣವ್ವ. ಊಟ ಆದಮ್ಯಾಕೆ ಅವ್ರನ್ನೇ ನಿಲ್ಲಿಸ್ತಾರೆ. ಬಿಟ್ಟೋದ ತಾಯಿ ಅಂತ ಹೇಳಿ, ಜಗಲಿ ಅಂತ ಒಂದು ಹೊಸಾದು ಬಡಿಸ್ತಾರೆ. ಜನ ಗೊಳೋ ಅಂತ ಅಳ್ತದೆ."

ಕೆಂಚಮ್ಮ ಹೋದ ಮೇಲೆ ಗುರುಸಿದ್ದಮ್ಮ ಹಿತ್ತಿಲಿಗೆ ಹೋಗಿ ವಾಂತಿ ಮಾಡಿಕೊಂಡಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಮೀನಾಳೇ ಬಂದಳು. ಗಂಡನೆನಿಸಿಕೊಂಡವನು ಸತ್ತು, ಕೂದಲು ಉದುರಿ, ಅಕ್ಕನಿಗಿಂತ ಮುದುಕಿಯಾಗಿದ್ದಳು. ಮೈಮೇಲೆ ಕೈಮಗ್ಗದ ಸೀರೆ. ಗುರುಸಿದ್ದಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೂರೆಂದು ಹೇಳಲಿಲ್ಲ. ಮೀನಾ ಮೆಟ್ಟಿಲ ಮೇಲೆ ಕೂತಳು.

"ನಿನ್ನ ನಿಲ್ಲಿಸ್ಕಂಡು ಏನಂತ ಹೇಳ್ತಾನೆ ಅಂತ ಗೊತ್ತೇನೇ?" ಎಂದು ಗುರುಸಿದ್ದಮ್ಮ ಕೇಳಿದಳು. ತಂಗಿಯ ಮುಖ ಒಡೆಯುವುದನ್ನು ನೋಡಲು ಕಾದಳು.

"ಗೊತ್ತು ಕಣಕ್ಕ. ಮೊದಲ ದಿನವೇ ಕೂರಿಸ್ಕಂಡು ಹೇಳ್ದ. ನಾನು ಮಾಡಿದ್ದನ್ನೇ ಹೇಳ್ತಾನೆ. ಹೇಳ್ಲಿ ಬುಡು. ಕಣ್ಣೆದುರಿಗೆ ಅವ್ನೆ, ಅಷ್ಟು ಸಾಕು." ಮೀನಾ ನೆಲ ನೋಡಿದಳು. "ಮನೇಲಿ ನಂಜೊತೆ ಒಂದು ಮಾತಾಡಲ್ಲ. ಏನು ಬೇಯಿಸಿಟ್ರೂ ಮುಟ್ಟಲ್ಲ. ಅವ್ನಿಗೆ ಏನಿಷ್ಟ ಅಂತ ಹೇಳಕ್ಕ. ಚಿಕ್ಕೋನಿದ್ದಾಗ ಏನು ಉಣ್ತಿದ್ದ? ನಂಗೊಂದೂ ಗೊತ್ತಿಲ್ಲ."

ಗುರುಸಿದ್ದಮ್ಮನಿಗೆ ಎಲ್ಲ ಗೊತ್ತಿತ್ತು. ಬಿಸಿ ಅನ್ನಕ್ಕೆ ಹಸಿ ಕಾಯಿತುರಿ, ಬೆಲ್ಲ, ಎರಡು ಚಮಚ ತುಪ್ಪ. ಜ್ವರ ಬಂದರೆ ಮೆಣಸಿನ ಸಾರು. ಕೋಪ ಬಂದ ದಿನ ಹುರಿದ ಅವರೆಕಾಳನ್ನು ಪಕ್ಕದಲ್ಲಿಟ್ಟು ಸುಮ್ಮನೆ ಎದ್ದು ಹೋಗಬೇಕು. ಆಮೇಲೆ ನೋಡಿದರೆ ಬಟ್ಟಲು ಖಾಲಿಯಾಗಿರುತ್ತದೆ.

"ನಂಗೇನು ಗೊತ್ತು" ಎಂದಳು. "ಮರ್ತೋಯ್ತು."

ಅಕ್ಕ ತಲೆಯೆತ್ತಲಿಲ್ಲ. ಮೀನಾ ಮೊಣಕಾಲ ಮೇಲೆ ಕೈಯೂರಿ ಎದ್ದು, ಬಿಸಿಲಿನಲ್ಲಿ ತೋಟದ ದಾರಿ ಹಿಡಿದಳು. ಗುರುಸಿದ್ದಮ್ಮ ಮೊರದಲ್ಲಿದ್ದ ಕಾಯಿಯನ್ನೆಲ್ಲ ಸುಲಿದು ಮುಗಿಸಿದಳು, ಸಿಪ್ಪೆ ಗುಡಿಸಿ ಎಸೆದಳು, ಒಳಗೆ ಹೋಗಿ ಒಲೆ ಹಚ್ಚಿದಳು.