ಹಳದಿ ಹಣ್ಣಿನ ನಲವತ್ತನಾಲ್ಕು

ಡ್ರ್ಯಾಗನ್ ಹಣ್ಣು ಕಂಡರೆ ನನಗೆ ಹೇಸಿಗೆ. ಪಾಪ, ಹಣ್ಣಿನ ತಪ್ಪೇನಿಲ್ಲ. ಆ ಕಳ್ಳಿಯ ಲೋಳೆಯಲ್ಲಿ ನಾಲ್ಕು ವರ್ಷ ಕೈಯಾಡಿಸಿದವರಿಗೆ ಇದು ಅರ್ಥವಾಗುತ್ತದೆ. ದಾವಣಗೆರೆಯ ಕಾಲೇಜೊಂದರಲ್ಲಿ ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ಕಳ್ಳಿ ಜಾತಿಯ ಹಣ್ಣಿನ ಗಿಡಗಳ ಕ್ರೋಮೋಸೋಮ್ ಎಣಿಸಿ, ಯಾವುದು ಯಾವ ತಳಿ ಎಂದು ಗುರುತಿಸುವುದು ನನ್ನ ಕೆಲಸ.

ಕಾಂಡದ ತುಂಡನ್ನು ಮರಳಿನಲ್ಲಿ ನೆಟ್ಟು ಬೇರು ಬರಿಸಬೇಕು. ಬೇರಿನ ಬಿಳಿ ತುದಿಯನ್ನು ಬೆಳಿಗ್ಗೆಯೇ ಕತ್ತರಿಸಿ ಆಮ್ಲದಲ್ಲಿ ನೆನೆಹಾಕಿ, ಕೆಂಪು ಬಣ್ಣ ಹಾಕಿ, ಎರಡು ಗಾಜಿನ ನಡುವೆ ಹೆಬ್ಬೆರಳಿನಿಂದ ಒತ್ತಬೇಕು. ಈರುಳ್ಳಿ ಬೇರಾದರೆ ಕೋಶಗಳು ಅಚ್ಚುಕಟ್ಟಾಗಿ ಹರಡುತ್ತವೆ. ಇದು ಹಾಗಲ್ಲ, ಎಲ್ಲ ಅಂಟಿಕೊಂಡು ಸಿಂಬಳದ ಮುದ್ದೆಯಂತಾಗುತ್ತದೆ. ಸಂಜೆ ಮಂಡಕ್ಕಿ ತಿನ್ನಲು ಕೂತರೆ ಬೆರಳಿನಿಂದ ಹುಳಿ ವಾಸನೆ ಬರುತ್ತದೆ, ತಟ್ಟೆ ಪಕ್ಕಕ್ಕೆ ಸರಿಸುತ್ತೇನೆ.

ಹರಿಹರದ ನರ್ಸರಿಯವರೊಬ್ಬರು ಎರಡು ವರ್ಷದ ಹಿಂದೆ ಒಂದಿಷ್ಟು ತುಂಡುಗಳನ್ನು ತಂದರು. ಇವು ದುಬಾರಿ ಬೆಲೆಯ ಹಳದಿ ಹಣ್ಣಿನ ತಳಿಯವು ಎಂದು ಅವರಿಗೆ ಕಾಲೇಜಿನ ಕಾಗದ ಬೇಕಿತ್ತು. ಪರೀಕ್ಷೆ ಸುಲಭದ್ದೇ. ಮಾಮೂಲಿ ಕೆಂಪು ಸಿಪ್ಪೆಯ ಗಿಡದ ಕೋಶದಲ್ಲಿ ಇಪ್ಪತ್ತೆರಡು ಕ್ರೋಮೋಸೋಮ್ ಇರುತ್ತವೆ, ಆ ಹಳದಿ ತಳಿಯಲ್ಲಿ ಅದರ ಇಮ್ಮಡಿ. ನಾನು ವಾರವಿಡೀ ಎಣಿಸಿದೆ. ಪ್ರತಿ ಸಲವೂ ಇಪ್ಪತ್ತೆರಡೇ ಬಂತು.

ನನ್ನ ಗೈಡ್ ಮೇಡಂಗೆ ಹೇಳಿದೆ. ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಲೂ ಇಲ್ಲ.

“ಹಳದಿಗೆ ಪುಸ್ತಕದಾಗೆ ನಲವತ್ನಾಲ್ಕು ಐತೆ. ನಿಂಗೆ ಇಪ್ಪತ್ತೆರಡು ಹೆಂಗೆ ಬರ್ತಾವೆ?”

“ಇದು ಹಳದಿ ತಳಿ ಅಲ್ವೇನೋ ಮೇಡಂ.”

“ಲೋಳೆ ಜಾಸ್ತಿ ಐತಲ್ಲ, ಒಂದರ ಮೇಲೊಂದು ಕೂತಿರ್ತಾವೆ. ಎರಡೆರಡು ಅಂತ ಎಣಿಸು.”

ನಗಬೇಡಿ. ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಚಿತ್ರ ಬರೆದು, ಅದಕ್ಕೆ ಸಹಿ ಹಾಕಿಸಿಕೊಂಡು, ಆಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಪೀಳಿಗೆ ನಮ್ಮದು. ಮೇಡಂ ಕಲಿತದ್ದೂ ಹಾಗೆಯೇ. ಪುಸ್ತಕಕ್ಕೆ ಹೊಂದುವವರೆಗೆ ಎಣಿಸುವುದಕ್ಕೇ ನಾವು ವಿಜ್ಞಾನ ಅನ್ನುವುದು. ಚಿತ್ರದಲ್ಲಿ ಒಂದೊಂದು ಗೆರೆಯ ಪಕ್ಕ ಇನ್ನೊಂದು ಗೆರೆ ಎಳೆದು ನಲವತ್ತನಾಲ್ಕು ಮಾಡಿದೆ. ನರ್ಸರಿಗೆ ಕೊಟ್ಟ ಕಾಗದದಲ್ಲಿ ‘ಎಣಿಸಿದವರು’ ಎಂದಿದ್ದ ಕಡೆ ನನ್ನ ಸಹಿ ಬಿತ್ತು. ಮೇಡಂ ಜಾಣೆ, ಬರೀ ಸೀಲು ಒತ್ತಿದರು.

ಹೋದ ತಿಂಗಳು ಒಬ್ಬ ಹೆಂಗಸು ಆ ಕಾಗದದ ಜೆರಾಕ್ಸ್ ಹಿಡಿದು ಲ್ಯಾಬಿಗೇ ಬಂದಳು. ಇಲ್ಲೇ ಊರ ಪಕ್ಕದ ಕರೂರಿನ ಕಾರ್ಖಾನೆಯೊಂದರಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದವಳು. ಆ ಕೆಲಸ ಬಿಟ್ಟು, ಮನೆಯವರನ್ನು ಕಾಡಿ ಬೇಡಿ, ಹರಿಹರದ ಹತ್ತಿರದ ಗುತ್ತೂರಿನಲ್ಲಿ ಅರ್ಧ ಎಕರೆಗೆ ಅದೇ ನರ್ಸರಿಯ ಹಳದಿ ಡ್ರ್ಯಾಗನ್ ಹಾಕಿದ್ದಳಂತೆ.

“ಇದನ್ನ ಎಣಿಸಿದವರು ಯಾರ್ರಿ ಇಲ್ಲಿ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಬಣ್ಣ ಹತ್ತಿದ ಹೆಬ್ಬೆರಳನ್ನು ದುಪಟ್ಟಾದೊಳಗೆ ಮುಚ್ಚಿಕೊಂಡೆ. ಅವಳಿಗೆ ಅಷ್ಟೇ ಸಾಕಾಯಿತು. “ಒಂದ್ಸಲ ಬಂದು ನೋಡ್ರಿ” ಅಂದಳು. ಮರುದಿನ ಹರಿಹರದ ಬಸ್ಸು ಹತ್ತಿದೆ.

ಕಲ್ಲುಕಂಬಗಳ ಮೇಲಿಂದ ಗಿಡಗಳು ಇಳಿಬಿದ್ದಿದ್ದವು. ಮೊದಲ ಫಸಲು ಜೋರಾಗಿಯೇ ಬಂದಿತ್ತು. ಒಂದೂ ಬಿಡದಂತೆ ಎಲ್ಲ ಹಣ್ಣೂ ಕೆಂಪು. ಬದುವಿನ ಮೇಲೆ ಕೂತಿದ್ದ ಅವಳ ಅತ್ತೆ ನನಗೆ ಕೇಳಲೆಂದೇ ಮಾತು ತೆಗೆದರು.

“ಯಾವ್ದೋ ಕಡ್ಡಿ ತಂದು ನೆಟ್ಟು, ಯಾವ್ದೋ ಕಾಗದ ತೋರ್ಸಿ ಹಳದಿ ಅಂತ ಸುಳ್ಳು ಹೇಳಿದ್ಲು. ಬರೋ ವಾರ ಕಿತ್ತುಹಾಕಿ ಹೊಲನ ಸಣ್ಣ ಮಗನಿಗೆ ಬಿಡ್ತೀವಿ. ಇವಳು ಮಷಿನ್ ಮುಂದೆ ಕುಂತ್ಕೊಳ್ಳಿ.”

ಅವಳು ಒಂದು ಹಣ್ಣು ಕೊಯ್ದು ತಟ್ಟೆಯಲ್ಲಿಟ್ಟು ಕೊಟ್ಟಳು. ತಿಂದೆ. ಸಿಹಿಯಾಗಿತ್ತು. ನನ್ನ ಮೇಲೆ ನನಗೇ ಅಷ್ಟು ಅಸಹ್ಯ ಅದುವರೆಗೆ ಹುಟ್ಟಿರಲಿಲ್ಲ.

“ಅಕ್ಕಾರೆ, ನಿಮ್ಮ ಕಣ್ಣಿಗೆ ಎಷ್ಟು ಕಂಡ್ವು?” ಅವಳು ಮೆಲ್ಲಗೆ ಕೇಳಿದಳು.

“ಇಪ್ಪತ್ತೆರಡು.”

“ಅಂದ್ರೆ ಹಳದಿ ಅಲ್ಲ ಅಂತ ಅವತ್ತೇ ಗೊತ್ತಿತ್ತು.”

“ಹ್ಞೂಂ.”

ಬಯ್ಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಶೆಡ್ಡಿನೊಳಗೆ ಹೋಗಿ ಮಗಳ ನೋಟ್‌ಬುಕ್ಕು, ಪೆನ್ನು ತಂದು ನನ್ನ ಮುಂದೆ ಇಟ್ಟಳು.

“ಈಗ ಹೇಳಿದ್ರಲ್ಲ, ಅಷ್ಟೇ ಬರೆದು ಸಹಿ ಹಾಕ್ರಿ. ನಮ್ಮತ್ತೆಗೆ ತೋರಿಸ್ತೀನಿ. ಸುಳ್ಳು ನಂದಲ್ಲ ಅಂತ ಗೊತ್ತಾದ್ರೆ ಹೊಲ ನನ್ನ ಕೈಯಾಗೆ ಉಳೀತೈತೆ. ಕೆಂಪು ಹಣ್ಣೇ ಬೆಳ್ಕೊಂತೀನಿ.”

ಎರಡೇ ಸಾಲು ಬರೆದರೆ ಮುಗಿಯುತ್ತಿತ್ತು. ಪೆನ್ನಿನ ಮುಚ್ಚಳ ತೆಗೆದೆ. ಎರಡು ತಿಂಗಳಲ್ಲಿ ನನ್ನ ಥೀಸಿಸ್ ಸಹಿಗೆಂದು ಮೇಡಂ ಮೇಜಿಗೆ ಹೋಗಬೇಕಿತ್ತು. ಅತ್ತೆ ಬದುವಿನಿಂದ ಎದ್ದು ಹತ್ತಿರ ಬಂದು ನಿಂತರು, ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

“ನಮ್ಮ ಮೇಡಂ ಹತ್ರ ಒಂದು ಮಾತು ಕೇಳಿ ಹೇಳ್ತೀನಿ” ಅಂದೆ.