ಆಪರೇಟರ್ ದೊಡ್ಡಮ್ಮನ ಎಡಗಿವಿ

“ಅಮ್ಮಾ, ದೊಡ್ಡಮ್ಮಜ್ಜಿಗೆ ಎರಡು ಕಿವಿ ಇದೆ ತಾನೇ? ಮತ್ತೆ ಯಾಕೆ ಒಂದಕ್ಕೇ ಹಾಕ್ಕೋತಾರೆ?”

ನನ್ನ ದೊಡ್ಡವಳು ಹೀಗೆ ಕೇಳಿದ್ದು ಪಕ್ಕದ ಮನೆಗೆ ಹೆಡ್‌ಫೋನ್ ಬಂದ ಮಾರನೆಯ ದಿನ. ಅವಳಿಗೆ ಐದು ವರ್ಷ. ಅವಳ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತ ಕೂತರೆ ಒಲೆ ಹತ್ತುವುದಿಲ್ಲ. “ನೀನೇ ಹೋಗಿ ಕೇಳು” ಎಂದೆ. ಹೋದಳು, ಕೇಳಿದಳು, ಓಡಿ ಬಂದು ಉಸಿರು ಬಿಡದೆ ಒಪ್ಪಿಸಿದಳು: “ಇನ್ನೊಂದು ಕಿವಿ ಸೂಪರ್‌ವೈಸರಿಗಂತೆ.”

ಪಕ್ಕದ ಮನೆಯ ದೊಡ್ಡಮ್ಮ ನನಗೆ ನೆಂಟರಲ್ಲ. ಈ ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮದೊಂದು ಮನೆ, ಅವರದೊಂದು ಮನೆ, ನಡುವೆ ಒಂದೇ ಗೋಡೆ. ಬಾಡಿಗೆಗೆ ಬಂದ ಮೊದಲ ವಾರ ನಾನು “ಆಂಟಿ” ಎಂದು ಬಾಗಿಲು ತಟ್ಟಿದ್ದಕ್ಕೆ ಒಳಗಿಂದಲೇ ಉತ್ತರ ಬಂತು: “ಆಂಟಿ ಗೀಂಟಿ ಅಂದ್ರೆ ತೆಗೆಯಲ್ಲ. ದೊಡ್ಡಮ್ಮ ಅನ್ನು. ತಂಗೀರು ಯಾರೂ ಇಲ್ದೆ ಆ ಹುದ್ದೆ ಖಾಲಿ ಬಿದ್ದಿದೆ.” ಆ ಹುದ್ದೆಯನ್ನು ಅವರು ಚೆನ್ನಾಗಿಯೇ ನಿಭಾಯಿಸಿದರು. ಚಿಕ್ಕವನ ಬಾಣಂತನದಲ್ಲಿ ನನ್ನ ತಾಯಿ ಊರಿಗೆ ಹೊರಟುಹೋದ ಮೇಲೆ ಅವನ ಬಟ್ಟೆ ಮಡಚಿದ್ದು, ದೊಡ್ಡವಳ ಜಡೆ ಹಾಕಿದ್ದು ಅವರೇ.

ದೊಡ್ಡಮ್ಮ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಆಳೆತ್ತರದ ಬೋರ್ಡು, ಅದರ ತುಂಬ ತೂತುಗಳು, ಒಂದೊಂದು ತೂತಿನ ಮೇಲೆ ಕಡಲೆಕಾಳಿನಷ್ಟು ದೀಪ. ದೀಪ ಹತ್ತಿತೆಂದರೆ ಯಾರೋ ಕರೆಯುತ್ತಿದ್ದಾರೆ. ವಯರನ್ನು ಆ ತೂತಿಗೆ ಚುಚ್ಚಿ “ನಂಬರ್ ಹೇಳಿ” ಎನ್ನಬೇಕು. ತಲೆಗೆ ಬಿಗಿದ ಪಟ್ಟಿಯಲ್ಲಿ ಕೇಳುವ ಬಿಲ್ಲೆ ಇದ್ದದ್ದು ಒಂದೇ, ಅದು ಬಲಗಿವಿಗೆ. ಎಡಗಿವಿ ಬಿಡುವಾಗಿರಬೇಕು, ಬೆನ್ನ ಹಿಂದೆ ಓಡಾಡುವ ಸೂಪರ್‌ವೈಸರ್ ಹೇಳಿದ್ದು ಕೇಳುವುದಕ್ಕೆ.

“ಬಲಗಿವಿ ಊರಿಗೆ, ಎಡಗಿವಿ ಸರ್ಕಾರಕ್ಕೆ” ಎನ್ನುತ್ತಿದ್ದರು ದೊಡ್ಡಮ್ಮ.

“ಗಂಡನಿಗೆ ಎರಡೂ ಇಲ್ಲ” ಎಂದು ದೊಡ್ಡಪ್ಪ ಕೂತಲ್ಲಿಂದಲೇ ಸೇರಿಸುತ್ತಿದ್ದರು.

ದೊಡ್ಡಪ್ಪ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುತ್ತಿದ್ದವರು. ಅವರ ಯಜಮಾನರಿಗೆ ದೂರದ ಊರಿನ ಕಾಗದದ ವ್ಯಾಪಾರಿಯ ಜೊತೆ ಮಾತಾಡಬೇಕಿತ್ತು, ಟ್ರಂಕ್ ಕಾಲ್ ಬುಕ್ ಮಾಡುವ ಕೆಲಸ ಇವರದು. ಆ ಊರಿನ ಲೈನು ಮೂರು ದಿನವಾದರೂ ಸಿಗಲಿಲ್ಲ. ದಿನಕ್ಕೆ ಆರು ಸಲ ಫೋನು ಮಾಡಿ ವಿಚಾರಿಸಿದರು, ಆರು ಸಲವೂ ಅದೇ ದನಿ ಸಮಾಧಾನ ಹೇಳಿತು. “ಅವರು ಕೇಳಿದ್ದು ಊರಿನ ಲೈನು, ಹಾಕಿದ್ದು ನನಗೆ ಲೈನು” ಎಂದು ದೊಡ್ಡಮ್ಮ ಈ ಕಥೆಯನ್ನು ಮುಗಿಸುತ್ತಿದ್ದರು. ದೊಡ್ಡಪ್ಪನಿಗೆ ಅದೂ ತಿದ್ದಬೇಕು: “ಮೂರಲ್ಲ, ಎರಡು ದಿನ. ನಡುವೆ ಭಾನುವಾರ ರಜ ಇತ್ತು.”

ತಿದ್ದುವುದು ಅವರ ರಕ್ತದಲ್ಲೇ ಇತ್ತು. ಔಷಧದ ಡಬ್ಬಿಯ ಮೇಲಿನ ಅಕ್ಷರ, ಟಿ.ವಿ.ಯ ತಳದಲ್ಲಿ ಓಡುವ ಸಾಲು, ನನ್ನ ದೊಡ್ಡವಳ ಕಾಪಿ ಪುಸ್ತಕ, ಯಾವುದನ್ನೂ ಬಿಟ್ಟವರಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮನುಷ್ಯ. ಹೋದ ವರ್ಷ ಹೃದಯ ಸುಸ್ತಾಗಿದೆ ಎಂದು ಡಾಕ್ಟರು, “ಮಲಗಿದ್ದಲ್ಲಿಂದ ಒಬ್ಬರೇ ಏಳಬೇಡಿ, ಯಾರನ್ನಾದರೂ ಕರೆಯಿರಿ” ಎಂದಿದ್ದರು. ಅಂದಿನಿಂದ ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ ಒಳಕೋಣೆಯ ಮಂಚದಿಂದ “ಇವಳೇ” ಎನ್ನುತ್ತಿದ್ದರು. ದೊಡ್ಡಮ್ಮ “ಬಂದೆ” ಎಂದು ಹೋಗಿ ಕೈ ಕೊಡುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ತನ್ನ ಬೋರ್ಡಿನ ಒಂದು ದೀಪವೂ ಉತ್ತರ ಸಿಗದೆ ಆರಿಲ್ಲವೆಂಬುದು ದೊಡ್ಡಮ್ಮ ಕೊಚ್ಚಿಕೊಳ್ಳುತ್ತಿದ್ದ ಒಂದೇ ಸಂಗತಿ. ಮನೆಯಲ್ಲೂ ಹಾಗೇ ಇದ್ದರು.

ಇಷ್ಟು ವರ್ಷ ಊರಿನ ದನಿಯನ್ನೆಲ್ಲ ಹೊತ್ತ ಬಲಗಿವಿ ಮಂದವಾಗಿತ್ತು. ಹಾಗಾಗಿ ಟಿ.ವಿ. ಸದ್ದು ಏರುತ್ತಾ ಹೋಗಿ, ನಮ್ಮ ಮಲಗುವ ಕೋಣೆಯಲ್ಲಿ ಕೂತೇ ಧಾರಾವಾಹಿಯ ಅತ್ತೆ ಸೊಸೆಯರ ಜಗಳ ಕೇಳಬಹುದಿತ್ತು. ಏಳು ತಿಂಗಳ ಚಿಕ್ಕವನು ನಿದ್ದೆಯಲ್ಲಿ ಬೆಚ್ಚಿ ಏಳುತ್ತಿದ್ದ. ಜಗಳಕ್ಕೆ ಹೋಗುವ ಜನ ಅವರಲ್ಲ, ನಾನೂ ಅಲ್ಲ. ಒಂದು ವಯರಿಲ್ಲದ ಹೆಡ್‌ಫೋನ್ ತರಿಸಿ, ಡಬ್ಬಿ ಹಿಡಿದುಕೊಂಡು ಹೋದೆ.

ದೊಡ್ಡಮ್ಮ ಡಬ್ಬಿಯನ್ನು ತಿರುಗಿಸಿ ನೋಡಿ, “ಬಾಯಿ ಮುಚ್ಕೊಳ್ಳಿ ಅನ್ನೋಕೆ ಇಷ್ಟು ಮರ್ಯಾದೆ ದಾರಿ ಇದೆ ಅಂತ ಗೊತ್ತಿರ್ಲಿಲ್ಲ ಕಣೇ” ಎಂದರು. ನನಗೆ ನಾಚಿಕೆಯಾಯಿತು. ಅವರೇ ನಕ್ಕು ನನ್ನ ಬೆನ್ನು ತಟ್ಟಿದರು.

ಅದರ ಸಣ್ಣ ಪೆಟ್ಟಿಗೆಯನ್ನು ಟಿ.ವಿ. ಹಿಂದೆ ಸಿಕ್ಕಿಸಿಕೊಟ್ಟೆ. ಸಿಕ್ಕಿಸಿದೊಡನೆ ಟಿ.ವಿ.ಯ ಬಾಯಿ ಕಟ್ಟಿತು, ದನಿಯೆಲ್ಲ ದೊಡ್ಡಮ್ಮನ ತಲೆಯ ಮೇಲಿನ ಪಟ್ಟಿಗೆ ಹೋಯಿತು. ಅಂದಿನಿಂದ ಗೋಡೆಯಾಚೆ ಸದ್ದಿಲ್ಲ. ಚಿಕ್ಕವನು ಎರಡು ಗಂಟೆ ಒಂದೇ ಸಮ ಮಲಗತೊಡಗಿದ.

ಹಳೆಯ ಅಭ್ಯಾಸ ಎಲ್ಲಿ ಬಿಡುತ್ತದೆ. ದೊಡ್ಡಮ್ಮ ಬಲಗಿವಿಗೆ ಮಾತ್ರ ಬಿಲ್ಲೆ ಕೂರಿಸಿ, ಎಡಗಡೆಯದನ್ನು ಕಿವಿಯ ಹಿಂದಕ್ಕೆ ತಳ್ಳಿಕೊಳ್ಳುತ್ತಿದ್ದರು. ಹತ್ತು ದಿನ ಹಾಗೇ ನಡೆಯಿತು. ಹನ್ನೊಂದನೆಯ ದಿನ ನಾನು ಹೋದಾಗ ಹಳೆಯ ಹಾಡುಗಳ ಕಾರ್ಯಕ್ರಮ ಬರುತ್ತಿತ್ತು. “ಹೀಗೆ ಹಾಕಿದ್ರೆ ಅರ್ಧ ಹಾಡು ಆ ಕಡೇನೇ ಉಳಿಯುತ್ತೆ ದೊಡ್ಡಮ್ಮ” ಎಂದು ನಾನೇ ಕೈಯಾರೆ ಎಡಗಡೆಯ ಬಿಲ್ಲೆಯನ್ನು ಕಿವಿಯ ಮೇಲೆ ಕೂರಿಸಿದೆ.

ಅವರ ಮುಖ ಆಗ ನೋಡಬೇಕಿತ್ತು. ಬಾಯಿ ಸ್ವಲ್ಪ ತೆರೆದು, ಎರಡೂ ಕೈಯಿಂದ ಬಿಲ್ಲೆಗಳನ್ನು ಒತ್ತಿ ಹಿಡಿದು ಕೂತರು.

“ಕೊಳಲು ಈ ಕಡೆ ಇತ್ತಲ್ಲೇ” ಎಂದರು ಜೋರಾಗಿ, ತಮ್ಮ ದನಿ ತಮಗೇ ಕೇಳಿಸದೆ. “ಇಷ್ಟು ವರ್ಷ ಎಲ್ಲಿತ್ತು ಇದು?”

ಕುರ್ಚಿಯಲ್ಲಿದ್ದ ದೊಡ್ಡಪ್ಪ ನನ್ನ ಕಡೆ ನೋಡಿ ಹುಬ್ಬೇರಿಸಿದರು. “ಸರ್ಕಾರದ ಕಿವೀನೂ ಹಾಡಿಗೆ ಹೋಯ್ತು. ನಾನಿನ್ನು ಕರೀಬೇಕಾದ್ರೆ ಅರ್ಜಿ ಬರೆದು ಕೊಡಬೇಕು.”

ನಾವಿಬ್ಬರೂ ನಕ್ಕೆವು. ದೊಡ್ಡಮ್ಮನಿಗೆ ಕೇಳಿಸಲಿಲ್ಲ.

ಚಿಕ್ಕವನು ಹುಟ್ಟಿದಂದಿನಿಂದ ಅವನ ಹಾಲು, ನಿದ್ದೆ, ಜ್ವರ ಎಲ್ಲವನ್ನೂ ಗಂಟೆ ಸಮೇತ ಡೈರಿಯಲ್ಲಿ ಬರೆದಿಡುತ್ತೇನೆ. ಅದಾದ ಎರಡನೆಯ ದಿನದ ಪುಟದಲ್ಲಿ ಹೀಗಿದೆ: “ಮೂರೂವರೆಗೆ ಮಲಗಿದ. ನಾಲ್ಕು ಹತ್ತಕ್ಕೆ ಪಕ್ಕದಲ್ಲಿ ಮತ್ತೆ ಟಿ.ವಿ. ಸದ್ದು. ಚಾರ್ಜ್ ಮಾಡುವುದನ್ನು ಮರೆತಿರಬೇಕು. ಹೇಳಬೇಕು.”

ನಾನು ಕೇಳಿದ್ದು ಗೋಡೆ ದಾಟಿ ಗುರುತು ಸಿಗದ ಹಾಗೆ ಬಂದ ಒಬ್ಬ ಗಂಡಸಿನ ದನಿ. “ಇವಳೇ” ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, “ಇವಳೇ.” ಧಾರಾವಾಹಿಯ ಗಂಡಂದಿರಿಗೆ ಹೆಂಡತಿಯನ್ನು ಕೂಗುವುದು ಬಿಟ್ಟರೆ ಬೇರೆ ಕೆಲಸವಿಲ್ಲ ಎಂದುಕೊಂಡೆ. ಚಿಕ್ಕವನು ಮಿಸುಕಾಡಿದ. ಅವನ ಕಿವಿಯ ಮೇಲೆ ನನ್ನ ಅಂಗೈ ಮುಚ್ಚಿದೆ. ಆಮೇಲೆ ಸದ್ದಿರಲಿಲ್ಲ. ಅವನು ಮತ್ತೆ ನಿದ್ದೆಹೋದ. ನಾನು ಡೈರಿ ಬರೆದು, ಒಣಗಿದ ಬಟ್ಟೆ ತರಲು ಮಹಡಿಯ ಮೇಲಕ್ಕೆ ಹೋದೆ.

ಐದು ಗಂಟೆಗೆ ಹಾಡಿನ ಕಾರ್ಯಕ್ರಮ ಮುಗಿದ ಮೇಲೆ ದೊಡ್ಡಮ್ಮ ಕಿರುಚಿದ್ದು ಇಡೀ ಕಟ್ಟಡಕ್ಕೆ ಕೇಳಿಸಿತು. ಚಿಕ್ಕವನನ್ನು ಸೊಂಟಕ್ಕೇರಿಸಿಕೊಂಡು ಓಡಿದೆ. ಹಾಲಿನಲ್ಲಿ ಟಿ.ವಿ. ಓಡುತ್ತಿತ್ತು. ಪರದೆಯ ಮೇಲೆ ಒಬ್ಬ ಹೆಂಗಸು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದಳು, ಒಂದು ಮಾತೂ ಹೊರಗೆ ಬರುತ್ತಿರಲಿಲ್ಲ. ನೆಲದ ಮೇಲೆ ಬಿದ್ದಿದ್ದ ಹೆಡ್‌ಫೋನಿನಿಂದ ಅವಳ ದನಿ ಸೊಳ್ಳೆಯ ಹಾಗೆ ಸಣ್ಣಗೆ ಕೇಳುತ್ತಿತ್ತು. ಈ ಟಿ.ವಿ.ಯ ಬಾಯಿ ಕಟ್ಟಿ ಹದಿಮೂರು ದಿನವಾಗಿತ್ತು. ಕಟ್ಟಿದವಳು ನಾನೇ.

ನಾಲ್ಕು ಹತ್ತಕ್ಕೆ ಗೋಡೆಯಾಚೆ ಕೂಗಿದ್ದು ಟಿ.ವಿ. ಅಲ್ಲ.

ದೊಡ್ಡಪ್ಪ ಮಂಚದ ಅಂಚಿನಲ್ಲಿ ವಾಲಿದ್ದರು. ಒಂದು ಕಾಲು ನೆಲಕ್ಕೆ ಇಳಿದಿತ್ತು. ಕೆಳಮಹಡಿಯ ಡಾಕ್ಟರು ಬಂದು ನೋಡಿ, ದೊಡ್ಡಮ್ಮನ ಕೈ ಹಿಡಿದುಕೊಂಡು, “ಒಂದೇ ಕ್ಷಣ ಅಮ್ಮ. ಕರೆಯೋಕೂ ಹೊತ್ತು ಸಿಕ್ಕಿರಲ್ಲ” ಎಂದರು. ಒಳ್ಳೆಯ ಮನುಷ್ಯ, ಒಳ್ಳೆಯ ಮಾತು. ದೊಡ್ಡಮ್ಮ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಬಂದವರಿಗೆಲ್ಲ ಅದನ್ನೇ ಹೇಳಿದರು: “ಕರೆಯೋಕೂ ಹೊತ್ತಾಗ್ಲಿಲ್ಲವಂತೆ.” ಹಾಗೆ ಹೇಳಿದಾಗಲೆಲ್ಲ ನಾನು ಅಡುಗೆಮನೆಗೆ ಹೋಗಿ ಲೋಟ ತೊಳೆದೆ.

ಆ ವಾರ ನಮ್ಮವರಿಗೆ ಎಲ್ಲ ಹೇಳಿಕೊಂಡು ಅತ್ತೆ. ಅವರು, “ದೊಡ್ಡಮ್ಮನಿಗೆ ಹೇಳಿ ಏನು ಮಾಡ್ತೀಯ? ನಿನ್ನ ಎದೆ ಹಗುರ ಆಗುತ್ತೆ, ಅವರದ್ದು ಭಾರ ಆಗುತ್ತೆ” ಎಂದರು. ಅದು ಸರಿ ಅನ್ನಿಸಿತು. ಹೇಳದಿರುವುದೂ ತಪ್ಪೆನ್ನಿಸಿತು. ಎರಡರ ನಡುವೆ ದಿನಾ ಊಟ ಕಟ್ಟಿಕೊಂಡು ಹೋದೆ, ಮಾತ್ರೆ ಕೊಟ್ಟೆ, ಹಾಸಿಗೆಯ ಹೊದಿಕೆ ಒಗೆದೆ. ಮಾಡಬಹುದಾದ ಕೆಲಸವನ್ನೆಲ್ಲ ಮಾಡಿದೆ, ಬಾಯಿ ಮಾತ್ರ ತೆರೆಯಲಿಲ್ಲ.

ದೊಡ್ಡಮ್ಮ ಟಿ.ವಿ. ಹಚ್ಚುವುದನ್ನೇ ಬಿಟ್ಟರು. ನನ್ನ ದೊಡ್ಡವಳು ಹೋಗಿ ಜಡೆ ಹಾಕಿಸಿಕೊಂಡು ಬರುತ್ತಿದ್ದಳು. “ದೊಡ್ಡಮ್ಮಜ್ಜಿ ಮಾತಾಡಲ್ಲ, ನಾನು ಮಾತಾಡಿದ್ರೆ ಶ್ ಅಂತಾರೆ” ಎಂದು ದೂರಿದಳು. ಒಂದು ಸಂಜೆ ನಾನೂ ನೋಡಿದೆ. ಹಾಲಿನ ಕುರ್ಚಿಯಲ್ಲಿ ಕೂತು, ಒಳಕೋಣೆಯ ಬಾಗಿಲಿನ ಕಡೆ ತಲೆ ವಾಲಿಸಿ, ಅಲ್ಲಿಂದ ಇಲ್ಲಿಗೆ ಎಷ್ಟು ದೂರ ಎಂದು ಕಿವಿಯಲ್ಲೇ ಅಳೆಯುತ್ತಿದ್ದ ಹಾಗಿತ್ತು.

ಕೊನೆಯ ನೆಂಟರು ಹೊರಟು ಇವತ್ತಿಗೆ ಎರಡು ದಿನ. ಭಾನುವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ದೊಡ್ಡಮ್ಮ ಬಾಗಿಲು ತಟ್ಟಿದರು. ತಲೆ ಬಾಚಿ, ಕೆಲಸಕ್ಕೆ ಹೊರಟವರ ಹಾಗೆ ಸೆರಗಿಗೆ ಪಿನ್ನು ಹಾಕಿಕೊಂಡಿದ್ದರು.

“ಕೂಸನ್ನ ಅವರಪ್ಪನ ಕೈಗೆ ಕೊಡು. ಐದು ನಿಮಿಷ ಬಾ.”

ಹೋದೆ. ಟಿ.ವಿ.ಯಲ್ಲಿ ಚಿತ್ರ ಓಡುತ್ತಿತ್ತು, ದನಿಯಿಲ್ಲದೆ. ಹೆಡ್‌ಫೋನ್ ಅವರ ಕೈಯಲ್ಲಿತ್ತು, ಅದರ ಹಸಿರು ದೀಪ ಹತ್ತಿತ್ತು.

“ನಿಮ್ಮ ದೊಡ್ಡಪ್ಪ ಕರೀದೆ ಏಳೋ ಆಸಾಮಿ ಅಲ್ಲ” ಎಂದರು. “ಒಂದು ಅಲ್ಪವಿರಾಮ ಬಿಟ್ಟುಹೋದ್ರೆ ಊಟ ಬಿಡ್ತಿದ್ದ ಮನುಷ್ಯ. ಒಂದೇ ಕ್ಷಣ ಅಂದ್ರು ಡಾಕ್ಟ್ರು. ಹಾಗಾದ್ರೆ ಕಾಲು ಯಾಕೆ ನೆಲದ ಮೇಲಿತ್ತು?”

“ದೊಡ್ಡಮ್ಮ, ಈಗ ಅದನ್ನೆಲ್ಲ ಯಾಕೆ…”

“ನಿಲ್ಲು. ಸಮಾಧಾನ ಹೇಳೋದು ನನಗೂ ಗೊತ್ತು, ಸಂಬಳ ತಗೊಂಡು ಹೇಳಿದೀನಿ.” ಅವರು ಹೆಡ್‌ಫೋನಿನ ಪಟ್ಟಿಯನ್ನು ಸೆರಗಿನಿಂದ ಒರೆಸಿದರು. “ಎಕ್ಸ್‌ಚೇಂಜಲ್ಲಿ, ‘ನಾನು ಕರೆದೆ, ಆ ಕಡೆ ಕೇಳಿಸ್ಲಿಲ್ಲ’ ಅಂತ ಯಾರಾದ್ರೂ ತಕರಾರು ಕೊಟ್ರೆ, ನಾವು ಊಹೆ ಮಾಡ್ತಾ ಕೂರ್ತಿರ್ಲಿಲ್ಲ. ಆ ತುದೀಲಿ ಒಬ್ಳು, ಈ ತುದೀಲಿ ಒಬ್ಳು ಕೂತು ಲೈನು ಪರೀಕ್ಷೆ ಮಾಡ್ತಿದ್ವಿ. ಕೇಳಿಸಿದ್ರೆ ಕೇಳಿಸ್ತು, ಇಲ್ಲಾಂದ್ರೆ ಇಲ್ಲ. ಪುಸ್ತಕದಲ್ಲಿ ಬರೆದು ರುಜು ಹಾಕ್ತಿದ್ವಿ.”

“ಗೊತ್ತಾಗಿ ಏನು ಮಾಡ್ತೀರಿ ದೊಡ್ಡಮ್ಮ?” ಎಂದೆ.

“ಇದನ್ನ ಹಾಕ್ಕೊಂಡೂ ಒಳಗಿನ ಕೂಗು ಕೇಳಿಸುತ್ತೆ ಅಂತಾದ್ರೆ, ಅವರು ಕರೆದಿಲ್ಲ ಅಂತ ಲೆಕ್ಕ. ಕರೆದಿದ್ರೆ ನನಗೆ ಕೇಳಿಸಿರ್ತಿತ್ತು. ಇವತ್ತು ರಾತ್ರಿ ನಿದ್ದೆ ಮಾಡ್ತೀನಿ.” ಸ್ವಲ್ಪ ಹೊತ್ತು ಒಳಕೋಣೆಯ ಬಾಗಿಲನ್ನೇ ನೋಡಿದರು. “ಕೇಳಿಸಲ್ಲ ಅಂತಾದ್ರೆ, ಅದೂ ಗೊತ್ತಾಗ್ಲಿ.”

ಹೇಳಿಬಿಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನನ್ನ ಕೈ ಹಿಡಿದು ತಮ್ಮ ಕುರ್ಚಿಯಲ್ಲಿ ಕೂರಿಸಿ, ಹೆಡ್‌ಫೋನನ್ನು ನನ್ನ ಮಡಿಲಿಗಿಟ್ಟರು.

“ಒಂದು ಉಪಕಾರ ಮಾಡು ಮಗಳೇ. ಇದನ್ನ ನಾನು ಹಾಕ್ಕೊಂಡಿದ್ದ ಹಾಗೇ ಎರಡೂ ಕಿವಿಗೆ ಹಾಕ್ಕೊಂಡು ಕೂತ್ಕೋ. ಸೌಂಡು ಅವತ್ತು ಎಷ್ಟಿತ್ತೋ ಅಷ್ಟೇ ಇದೆ, ನಾನು ಮುಟ್ಟಿಲ್ಲ. ಒಳಗೆ ಹೋಗಿ ಮಂಚದ ಮೇಲೆ ಮಲಗಿ ಅವರು ಕರೀತಿದ್ದ ಹಾಗೆ ಎರಡು ಸಲ ಕರೀತೀನಿ. ಆಮೇಲೆ ಬಂದು ಕೇಳ್ತೀನಿ, ಕೇಳಿಸ್ತಾ ಇಲ್ವಾ ಅಂತ. ನಿಜ ಹೇಳು. ನನ್ನ ಮೇಲೆ ಕನಿಕರ ತೋರಿಸೋಕೆ ಹೋಗ್ಬೇಡ.”