ಆಮೆ ಭಾವನ ಎರಡು ದಿನದ ರಜೆ

ನನ್ನ ಭಾವನಿಗೆ ಡಿಪೋದಲ್ಲಿ ‘ಆಮೆ’ ಎಂದೇ ಹೆಸರು. ಹದಿನಾಲ್ಕು ವರ್ಷ ಬಸ್ಸು ಓಡಿಸಿದರೂ ಅವರ ಗಾಡಿಗೆ ಒಂದು ಗೀರು ಬಿದ್ದಿರಲಿಲ್ಲ. “ಆಮೆಯ ಬಸ್ಸು ಹತ್ತಿದರೆ, ಮದುವೆಗೆ ಹೊರಟವರು ಮಗುವಿನ ಹುಟ್ಟುಹಬ್ಬಕ್ಕೆ ತಲುಪ್ತಾರೆ” ಎಂದು ಉಳಿದ ಡ್ರೈವರುಗಳು ಆಡಿಕೊಳ್ಳುತ್ತಿದ್ದರು. ಭಾವ ನಕ್ಕು ಸುಮ್ಮನಾಗುತ್ತಿದ್ದರು. ಅವರ ಬಸ್ಸಿನಲ್ಲಿ ಒಂಬತ್ತು ವರ್ಷ ಕಂಡಕ್ಟರ್ ಆಗಿದ್ದವನು ನಾನು. ಮನೆಯಲ್ಲಿ ಅಕ್ಕನ ಗಂಡ, ರಸ್ತೆಯಲ್ಲಿ ನನ್ನ ಡ್ರೈವರ್.

ಮೂರು ವರ್ಷದ ಹಿಂದೆ ನಗರದ ಮತ್ಸ್ಯಾಲಯದ ಎದುರಿನ ಸ್ಟಾಪಿನಲ್ಲಿ ಜನ ಇಳಿದರು. ನಾನು ಹಿಂಬಾಗಿಲಲ್ಲಿ ನಿಂತಿದ್ದೆ. ಕೊನೆಯ ಮುದುಕಿ ಇಳಿದ ಮೇಲೆ ಬಾಗಿಲೆಳೆದು “ರೈಟ್” ಎಂದೆ. ನಮ್ಮ ಕಸುಬಿನಲ್ಲಿ ಆ ಮಾತು ಬೀಳದೆ ಚಕ್ರ ಉರುಳುವಂತಿಲ್ಲ. ಬಿದ್ದ ಮೇಲೆ ಡ್ರೈವರ್ ಹಿಂದೆ ತಿರುಗಿ ನೋಡುವುದೂ ಇಲ್ಲ. ಅಷ್ಟು ಹೊತ್ತಿಗೆ ಐದು ವರ್ಷದ ಮಗುವೊಂದು ತಾಯಿಯ ಕೈ ಬಿಡಿಸಿಕೊಂಡು ಬಸ್ಸಿನ ಮೂತಿಯ ಮುಂದೆ ಓಡಿತ್ತು. ಅದು ಉಳಿಯಲಿಲ್ಲ.

ವಿಚಾರಣೆ ನಡೆದು, ಇಬ್ಬರದೂ ತಪ್ಪಿಲ್ಲವೆಂದು ಕಾಗದ ಬಂತು. ಕಾಗದಕ್ಕೇನು, ಏನು ಬರೆದರೂ ಹೊರುತ್ತದೆ. ಭಾವ ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ, ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ ಕೇಳಿ ಹಾಕಿಸಿಕೊಂಡರು. ನಾನು ಕಂಡಕ್ಟರಾಗಿಯೇ ಉಳಿದೆ. ಆದರೆ ಅಂದಿನಿಂದ ಸೀಟಿ ಊದುತ್ತಿದ್ದೆನೇ ಹೊರತು ‘ರೈಟ್’ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಭಾವ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

ಒಮ್ಮೆ ಮಾತ್ರ, ಬಸ್ಸಿನ ಮೂತಿಗೆ ಸೋಪಿನ ನೀರು ಹಾಕಿ ಉಜ್ಜುತ್ತಾ, ತಮ್ಮಷ್ಟಕ್ಕೆ ತಾವೇ ಎಂಬಂತೆ ಹೇಳಿದರು. “ಆ ಮಗು ನನ್ನ ಮುಖ ನೋಡಿರುತ್ತೆ ಕಣೋ. ಈ ಮನುಷ್ಯ ನನ್ನ ನೋಡಿದಾನೆ, ನಿಲ್ಲಿಸ್ತಾನೆ ಅಂತ ನಂಬಿಕೊಂಡೇ ಬಂದಿರುತ್ತೆ.”

ನಾನು ಬಕೆಟ್ಟು ತುಂಬಿಸಿ ಕೊಟ್ಟೆ.

ಇದರ ಶಿಕ್ಷೆ ಬಿದ್ದದ್ದು ಅಕ್ಕನ ಮಗಳಿಗೆ. ಅವಳನ್ನು ನಾನು ‘ಅರ್ಧ ಟಿಕೆಟ್’ ಎಂದು ಕರೆಯುತ್ತೇನೆ. ಆಗ ಎರಡೂವರೆ, ಈಗ ಐದೂವರೆ. ಮನೆಯ ಹೊಸ್ತಿಲು ದಾಟಿದರೆ ಸಾಕು, ಭಾವ ಅವಳನ್ನು ಎತ್ತಿಕೊಂಡುಬಿಡುತ್ತಾರೆ. ಮೂಲೆಯ ಅಂಗಡಿಗೂ ಕಂಕುಳಲ್ಲೇ. ಕಾಲು ಅವರ ಮೊಣಕಾಲಿನವರೆಗೆ ಜೋತಾಡುತ್ತದೆ. ಬೀದಿಯ ಮಕ್ಕಳು “ಮೂಟೆ ಬಂತು, ಮೂಟೆ” ಎಂದು ಕೂಗುತ್ತಾರೆ. ಮುಂದಿನ ತಿಂಗಳು ಅವಳಿಗೆ ಶಾಲೆ ಶುರು. ಶಾಲೆ ಇರುವುದು ಹೆದ್ದಾರಿಯ ಆಚೆ ಬದಿಗೆ. ರಸ್ತೆ ದಾಟಿಸಲು ಆಗುವುದಿಲ್ಲವೆಂದು, ಭಾವ ಅವಳನ್ನು ಶಾಲೆಗೆ ಕಳಿಸುವುದೇ ಬೇಡ ಎನ್ನುವ ಮಟ್ಟಿಗೆ ಹೋಗಿದ್ದರು.

ಅದಕ್ಕೇ ಅಕ್ಕ ಅದೇ ನಗರಕ್ಕೆ ಪ್ರವಾಸ ಹೂಡಿದ್ದು. ಎರಡು ದಿನ, ಒಂದು ಕೋಣೆ, ಜೊತೆಗೆ ನಾನು. “ಮಗು ಮೀನು ನೋಡ್ಬೇಕಂತೆ” ಎಂದಳು ಗಂಡನಿಗೆ. ಮಗಳು ಕೇಳಿದರೆ ಭಾವ ಇಲ್ಲವೆನ್ನುವವರಲ್ಲ. ಬಸ್ಸಿನ ಕೊನೆಯ ಸೀಟಿನಲ್ಲಿ, ಮಗಳನ್ನು ಅವಚಿಕೊಂಡು, ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಕುಳಿತರು.

ನಮ್ಮ ಕೋಣೆಯಲ್ಲಿ ಎರಡು ಮಂಚ, ತೊಟ್ಟಿಕ್ಕುವ ನಲ್ಲಿ, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಅರ್ಧ ಟಿಕೆಟ್ಟಿಗೆ ಅದೇ ಅರಮನೆ. ಮಂಚದಿಂದ ಮಂಚಕ್ಕೆ ಹಾರಿ ಹಾರಿ ದಣಿದು, “ಈಗ ಮೀನು” ಎಂದಳು.

ಭಾವ ಮುಂದೆ, ನಾವು ಹಿಂದೆ. ನಡೆದೆವು, ನಡೆದೆವು. ದೊಡ್ಡ ಅಂಚೆ ಕಚೇರಿ ಬಂತು, ಅದನ್ನು ಬಳಸಿ ಸೇತುವೆ, ಸೇತುವೆ ಇಳಿದು ಮತ್ತೆ ಅದೇ ಅಂಚೆ ಕಚೇರಿಯ ಬೆನ್ನು. ಬಾಗಿಲು ತೊಳೆಯುತ್ತಿದ್ದ ಅಂಗಡಿಯವನೊಬ್ಬನನ್ನು ಅಕ್ಕ ಕೇಳಿದಳು. “ಮೀನಿನ ಮನೆನಾ? ಈ ಓಣಿ ಹಿಡಿದ್ರೆ ಹತ್ತೇ ನಿಮಿಷ ಅಮ್ಮ” ಎಂದ.

“ಅಲ್ಲಾ ರೀ, ಒನ್‌ವೇ ಅಂತ ಸುತ್ತಿ ಬಳಸಿ ಹೋಗೋಕೆ ನಾವೇನು ಬಸ್ಸಾ?” ಎಂದು ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ನಿಜ, ಹದಿನಾಲ್ಕು ವರ್ಷ ಓಡಾಡಿದ ಊರಿನಲ್ಲಿ ಭಾವನಿಗೆ ಗೊತ್ತಿದ್ದದ್ದು ಬಸ್ಸಿನ ದಾರಿ ಒಂದೇ. ಕಾಲಿಗೂ ಅದೇ ಅಭ್ಯಾಸ. ಅಕ್ಕ ನಕ್ಕಳು, ಭಾವನೂ ಪೆಚ್ಚಾಗಿ ನಕ್ಕರು. ನನಗೆ ನಗು ಬರಲಿಲ್ಲ. ಮೀನಿನ ಮನೆಯ ತಿರುವು ಎರಡು ಸಲ ಬಂದಿತ್ತು, ಎರಡು ಸಲವೂ ಅವರು ತಲೆ ತಗ್ಗಿಸಿ ನೇರ ಹೋಗಿದ್ದನ್ನು ನಾನು ನೋಡಿದ್ದೆ. ಅಂಗಡಿಯವನು ತೋರಿಸಿದ ಓಣಿಯನ್ನೂ ಅವರು ಹಿಡಿಯಲಿಲ್ಲ, ನಾಳೆ ಹೋದರಾಯಿತು ಎಂದರು. ಕೊನೆಗೆ ಉದ್ಯಾನದಲ್ಲಿ ಕುಳಿತು ಕಡಲೆಕಾಯಿ ತಿಂದು ಕೋಣೆಗೆ ಮರಳಿದೆವು. ಮಗುವನ್ನು ಹೊತ್ತು ಹೊತ್ತು ಭಾವನ ತೋಳು ನಡುಗುತ್ತಿತ್ತು.

ಮರುದಿನ ಬೆಳಗ್ಗೆ ಅಕ್ಕ ಮಗಳಿಗೆ ಜಡೆ ಹಾಕುತ್ತಾ, ತಲೆಯೆತ್ತದೆ ಹೇಳಿದಳು. “ನಾನು ಬಂದಿದ್ದು ಮೀನು ನೋಡೋಕಲ್ಲ ರೀ. ನಿಮಗೂ ಗೊತ್ತು. ಹೋದ ಮಗುಗೋಸ್ಕರ ಇರೋ ಮಗು ಕಾಲು ಕಿತ್ಕೊಂಡ್ರೆ ಆ ತಾಯಿಗೇನು ಸಮಾಧಾನ ಆಗುತ್ತಾ?”

ಭಾವ ಎದ್ದು ತೊಟ್ಟಿಕ್ಕುವ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡರು.

ಈ ಸಲ ಓಣಿಯಲ್ಲೇ ಹೋದೆವು. ಓಣಿ ತಟ್ಟನೆ ಮುಗಿದು, ಆ ಸ್ಟಾಪು ಎದುರಾಯಿತು. ಅದೇ ಬೆಂಚು, ಅದೇ ಕಂಬ. ರಸ್ತೆಯ ಆಚೆ, ಗೋಡೆಯ ತುಂಬ ಬಣ್ಣದ ಮೀನುಗಳು. ಸ್ಟಾಪಿನಲ್ಲಿ ಬಸ್ಸೊಂದು ಎಂಜಿನ್ ನಿಲ್ಲಿಸಿ ನಿಂತಿತ್ತು. ಡ್ರೈವರ್ ಸೀಟಿನಲ್ಲೇ ಕೂತು ಬಾಟಲಿಯಿಂದ ನೀರು ಕುಡಿಯುತ್ತಿದ್ದ. ಭಾವ ಕಂಕುಳಲ್ಲಿದ್ದ ಮಗಳನ್ನು ಇನ್ನಷ್ಟು ಅವಚಿಕೊಂಡು ನಿಂತುಬಿಟ್ಟರು.

ಮೀನು ಕಂಡದ್ದೇ ತಡ, ಅರ್ಧ ಟಿಕೆಟ್ ಕೊಸರಾಡಿ ಜಾರಿ ಇಳಿದಳು. ಎರಡೇ ಹೆಜ್ಜೆ, ಬಸ್ಸಿನ ಮೂತಿಯ ಹತ್ತಿರ. ಭಾವ ಹಾರಿ ಹೋಗಿ ಅವಳ ರಟ್ಟೆ ಹಿಡಿದು ಅಲ್ಲೇ ಕುಸಿದು ಕುಕ್ಕರಿಸಿದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ಮಗಳ ಕೆನ್ನೆಯ ಮಟ್ಟಕ್ಕೆ ಅವರ ಕೆನ್ನೆ ಬಂದಿತ್ತು. ಅಲ್ಲಿಂದ ಮೇಲೆ ನೋಡಿದರು. ಇನ್ನಷ್ಟು ತಗ್ಗಿ, ಮತ್ತೆ ನೋಡಿದರು.

“ಮಗಾ, ಡ್ರೈವರ್ ಕಾಣ್ತಾನಾ ನಿಂಗೆ?”

“ಯಾವ ಡ್ರೈವರ್? ಬಸ್ಸಿನ ಹಲ್ಲು ಕಾಣುತ್ತೆ, ಅಷ್ಟೇ.”

ಭಾವ ಬಸ್ಸಿನ ಮುಂಬದಿಯ ಜಾಲರಿಗೆ ಅಂಗೈ ಇಟ್ಟುಕೊಂಡು ಅತ್ತರು. ಬೀದಿಯಲ್ಲಿ ಗಂಡಸರು ಅಳುವುದನ್ನು ಜನ ನಿಂತು ನೋಡುತ್ತಾರೆ, ನೋಡಲಿ. “ನನ್ನ ನೋಡಿರ್ಲಿಲ್ಲ ಕಣೋ” ಎಂದರು ನನ್ನತ್ತ ತಿರುಗಿ. “ಆ ಕೂಸಿಗೆ ನನ್ನ ಮುಖ ಕಂಡೇ ಇರ್ಲಿಲ್ಲ. ನನ್ನ ನಂಬಿ ಬಂದಿದ್ದಲ್ಲ ಅದು.”

ಅಕ್ಕ ಸೆರಗಿನಲ್ಲಿ ಅವರ ಮುಖ ಒರೆಸಿದಳು. ಅವರ ಎದೆಯಿಂದ ಏನೋ ಇಳಿದದ್ದು ನನಗೂ ಕಂಡಿತು. ನನ್ನ ಎದೆಯದು ಕದಲಲಿಲ್ಲ. ಡ್ರೈವರಿಗೆ ಮಗು ಕಾಣುವುದಿಲ್ಲ, ಮಗುವಿಗೆ ಡ್ರೈವರ್ ಕಾಣುವುದಿಲ್ಲ. ನೋಡಬೇಕಾಗಿದ್ದವನು ಮೂರನೆಯವನು, ಅವನು ಹಿಂಬಾಗಿಲಲ್ಲಿ ನಿಂತಿದ್ದ. ಮೂರು ವರ್ಷ ಹಲ್ಲು ಕಚ್ಚಿ ಇಟ್ಟುಕೊಂಡದ್ದನ್ನು ಅಂದುಬಿಟ್ಟೆ. “ನಾನು ನೋಡ್ಬೇಕಿತ್ತು ಭಾವ. ಇಳಿದು ಮುಂದೆ ಬಂದು ನೋಡಿ ಆಮೇಲೆ ಹೇಳ್ಬೇಕಿತ್ತು.”

ಭಾವ ಎದ್ದರು. “ಅಲ್ಲ” ಎನ್ನಲಿಲ್ಲ. ಸುಳ್ಳು ಸಮಾಧಾನ ಅವರ ಜಾಯಮಾನವಲ್ಲ. ಮಗಳನ್ನು ಎತ್ತಿಕೊಳ್ಳಲು ಬಾಗಿದರು, ಬಾಗಿದವರು ತಡೆದು, ಅವಳ ಕೈ ಮಾತ್ರ ಹಿಡಿದು ಕಾಲುದಾರಿಯ ಅಂಚಿಗೆ ಬಂದು ನಿಂತರು.

“ಹಾಗಾದ್ರೆ ಈಗ ನೋಡಿ ಹೇಳು” ಎಂದರು.

“ಏನು ಹೇಳ್ಲಿ ಭಾವ?”

“ಒಂಬತ್ತು ವರ್ಷ ನಿನ್ನ ಮಾತು ಬೀಳದೆ ಗೇಣು ಮುಂದೆ ಹೋದವನಲ್ಲ ನಾನು. ಇವತ್ತೂ ಹೋಗಲ್ಲ.”

ನಾನು ರಸ್ತೆಗಿಳಿದೆ. ಡ್ರೈವರಿಗೆ ಕೈ ಎತ್ತಿ ತೋರಿಸಿ ಬಸ್ಸಿನ ಮುಂದೆ ಬಂದೆ. ಬಗ್ಗಿ ಚಕ್ರದ ಬಳಿ ನೋಡಿದೆ, ಮೂತಿಯ ಆಚೆ ಇಣುಕಿ ನೋಡಿದೆ. ಸ್ಕೂಟರೊಂದು ಬರುತ್ತಿತ್ತು. “ಹೋಲ್ಡಾನ್” ಎಂದು ತಡೆದೆ. ಭಾವ ನಿಂತೇ ಇದ್ದರು. ಸ್ಕೂಟರ್ ಹೋಯಿತು. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಮತ್ತೆ ಎಡಕ್ಕೆ. ರಸ್ತೆ ಖಾಲಿ ಇತ್ತು. ಇನ್ನೊಮ್ಮೆ ಬಗ್ಗಿ ಚಕ್ರದ ಬಳಿ ನೋಡಿದೆ.

“ಬೇಗ ಹೇಳು ಮಾಮಾ, ಮೀನು ಮಲಗಿಬಿಡ್ತವೆ” ಎಂದಳು ಅರ್ಧ ಟಿಕೆಟ್.

“ರೈಟ್” ಎಂದೆ.

ಭಾವ ಮಗಳ ಕೈ ಹಿಡಿದು ರಸ್ತೆಗೆ ಇಳಿದರು.